ಯೋಜನೆಯೂ ಉಪದೇಶಿಯ ಸಂಭಾವನೆಯೂ

ಹಿಸ್ಪಾನಿಕ್ ವಿಶ್ವಾಸಿಗಳ ಪಾಲನಾ ಸೇವೆಗೆಂದು ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು 1987ರಲ್ಲಿ ಮೊದಲ ರಾಷ್ಟ್ರೀಯ ಯೋಜನೆಯನ್ನು ಅಂಗೀಕರಿಸಿದರು. 2018ರ ಐದನೆಯ ‘ಎನ್‌ಕ್ವೆಂತ್ರೊ’ ಸಮಾವೇಶದ ಫಲವಾಗಿ 2023ರಲ್ಲಿ ಹತ್ತು ವರ್ಷಗಳ ಹೊಸ ಯೋಜನೆ ಬಂದಿತು. ಎರಡನ್ನೂ ಜೊತೆಗಿಟ್ಟು ಓದಿದಾಗ ನಮಗೆ ಸಂತೋಷವೂ ಉಂಟು, ಕೊರಗೂ ಉಂಟು.

ಎರಡೂ ಜನರ ಮಾತನ್ನು ಕೇಳಿ ಬರೆದ ಪಠ್ಯಗಳು. ಧರ್ಮಕೇಂದ್ರದಿಂದ ಧರ್ಮಪ್ರಾಂತ್ಯಕ್ಕೆ, ಅಲ್ಲಿಂದ ರಾಷ್ಟ್ರೀಯ ಸಮಾವೇಶಕ್ಕೆ ಏರಿದ ಸಮಾಲೋಚನೆಯೇ ಅವುಗಳ ಆಧಾರ. ವಲಸೆ ಬಂದವರನ್ನು ಅವು ನೆರವು ಬೇಡುವವರೆಂದಲ್ಲ, ಶುಭಸಂದೇಶ ಸಾರುವವರೆಂದು ಕಾಣುತ್ತವೆ. ಇದು ಸಣ್ಣ ಸಾಧನೆಯಲ್ಲ.

ಆದರೆ ಈ ದರ್ಶನವನ್ನು ಹೊರುವವರು ಯಾರು? ಕಾನ್ಸಾಸಿನ ಗಾರ್ಡನ್ ಸಿಟಿಯಂಥ ಮಾಂಸ ಸಂಸ್ಕರಣೆಯ ಊರುಗಳನ್ನು ನೆನೆಯೋಣ. ಅಂಥಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಮಕ್ಕಳಿಗೆ ಧರ್ಮೋಪದೇಶ ಮಾಡಬೇಕಾದ ಶ್ರೀಸಾಮಾನ್ಯ ವಿಶ್ವಾಸಿಗೆ ತರಬೇತಿ ಎಂದರೆ ದೂರದ ಪ್ರಯಾಣ, ಕಳೆದುಕೊಂಡ ಕೂಲಿ. ವಿಶೇಷ ಸೇವೆಗೆ ತಮ್ಮನ್ನು ಮುಡಿಪಾಗಿಟ್ಟ ಶ್ರೀಸಾಮಾನ್ಯರಿಗೆ ತರಬೇತಿ ಕರ್ತವ್ಯ, ಯೋಗ್ಯ ಸಂಭಾವನೆ ಹಕ್ಕು ಎನ್ನುತ್ತದೆ ಧರ್ಮಸಭೆಯ ಕಾನೂನು ಸಂಹಿತೆಯ 231ನೆಯ ವಿಧಿ. ಕರ್ತವ್ಯವನ್ನು ನಾವು ಸುಲಭವಾಗಿ ನೆನಪಿಸುತ್ತೇವೆ, ಹಕ್ಕನ್ನು ಮರೆಯುತ್ತೇವೆ. ರಾಷ್ಟ್ರೀಯ ಯೋಜನೆಯ ಅನುಷ್ಠಾನ ಕೊನೆಗೆ ಆಯಾ ಧರ್ಮಪ್ರಾಂತ್ಯದ ಹೊಣೆ; ಬಡ ಗ್ರಾಮೀಣ ಧರ್ಮಪ್ರಾಂತ್ಯಕ್ಕೆ ಆ ಶಕ್ತಿಯೇ ಕಡಿಮೆ. ಸಿರಿವಂತ ಧರ್ಮಪ್ರಾಂತ್ಯಗಳು ಈ ಭಾರದಲ್ಲಿ ಪಾಲು ಪಡೆಯದಿದ್ದರೆ ‘ಅನ್ಯೋನ್ಯತೆ’ ಎಂಬ ಮಾತು ಬರಿಯ ಮಾತಾಗಿ ಉಳಿಯುತ್ತದೆ.

ಭಾರತದಿಂದ ಹೋದ ಗುರುಗಳೂ ಅಮೆರಿಕದ ಗ್ರಾಮೀಣ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ನಾಳೆ ಹೋಗಲಿರುವ ಗುರುವಿದ್ಯಾರ್ಥಿಗಳು ಸ್ಪ್ಯಾನಿಷ್ ಕಲಿಯಲಿ. ಜೊತೆಗೆ, ತಮಗಿಂತ ಮೊದಲೇ ಅಲ್ಲಿ ವಿಶ್ವಾಸವನ್ನು ಕಾಯ್ದ ಉಪದೇಶಿಗಳಿಗೆ ಸಲ್ಲಬೇಕಾದುದು ಸಲ್ಲುತ್ತಿದೆಯೇ ಎಂದು ವಿಚಾರಿಸಲಿ.