ಐಗುಪ್ತದ ಕುದುರೆಗಳು: ಚಿಕ್ಕ ದೇಶಕ್ಕೆ ಸ್ವಂತ ಸೈನ್ಯ ಬೇಕೇ ಎಂಬ ಪ್ರಶ್ನೆಯ ವಿಮರ್ಶೆ

ಚಿಕ್ಕದಾದ, ನೆರೆಯವರ ತಂಟೆಗೆ ಹೋಗದ ದೇಶವೊಂದಕ್ಕೆ ತನ್ನದೇ ಆದ ಸೈನ್ಯ ನಿಜವಾಗಿಯೂ ಬೇಕೇ? ಕ್ರೈಸ್ತ ನೀತಿಶಾಸ್ತ್ರದ ಚರ್ಚೆಗಳಲ್ಲಿ ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಒಂದು ಪಕ್ಷದವರು ಯೆಶಾಯನ ಗ್ರಂಥದ 2 ಮತ್ತು 31ನೆಯ ಅಧ್ಯಾಯಗಳನ್ನು ತೆರೆಯುತ್ತಾರೆ. ಕುದುರೆಗಳಲ್ಲಿಯೂ ರಥಗಳಲ್ಲಿಯೂ ಭರವಸವಿಡುವುದು ಅವಿಶ್ವಾಸವಾದ್ದರಿಂದ ದೇವರಿಗೆ ಭಯಪಡುವ ಚಿಕ್ಕ ಜನಾಂಗಕ್ಕೆ ಸೈನ್ಯ ಬೇಡವೆನ್ನುತ್ತಾರೆ. ಇನ್ನೊಂದು ಪಕ್ಷದವರು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ತೋರಿಸಿ, ಅಧಿಕಾರಿಯ ಕೈಯಲ್ಲಿ ಕತ್ತಿಯಿರುವುದು ದೇವರ ಏರ್ಪಾಡು, ಚಿಕ್ಕ ದೇಶದ ಅಧಿಕಾರಿಗೂ ಆ ಕತ್ತಿ ಬೇಕು ಎನ್ನುತ್ತಾರೆ. ಈ ಎರಡೂ ಓದುಗಳು ಒಂದೇ ಕೊರತೆಯಿಂದ ಬಳಲುತ್ತಿವೆಯೆಂಬುದು ನಮ್ಮ ವಾದ. ಸೈನ್ಯ ಇರಬೇಕೇ ಇರಬಾರದೇ ಎಂದು ಎರಡೂ ಕೇಳುತ್ತವೆ. ಸ್ವಂತ ಸೈನ್ಯವಿಲ್ಲದ ದೇಶ ಯಾರ ಸೈನ್ಯದ ನೆರಳಿನಲ್ಲಿ ಬದುಕುತ್ತಿದೆ, ಆ ನೆರಳಿನ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂದು ಎರಡೂ ಕೇಳುವುದಿಲ್ಲ.

ಇದನ್ನು ಪರೀಕ್ಷಿಸಲು ನಾವು ದೂರ ಹೋಗಬೇಕಾಗಿಲ್ಲ. ಹೇಮಾವತಿಯ ದಡದ ಹೊಳೆನರಸೀಪುರವು ಒಂದು ಕಾಲದಲ್ಲಿ ಪಾಳೆಯಗಾರರ ಊರು. ಅವರಿಗೆ ಕೋಟೆಯೂ ಕಾಲಾಳುಗಳೂ ಇದ್ದವು. 1667ರಲ್ಲಿ ಮೈಸೂರಿನ ಒಡೆಯರು ಆ ಕೋಟೆಯನ್ನು ವಶಪಡಿಸಿಕೊಂಡರು. ಚಿಕ್ಕ ಸೈನ್ಯವು ದೊಡ್ಡ ಸೈನ್ಯದ ಮುಂದೆ ನಿಲ್ಲದು ಎನ್ನುವವರಿಗೆ ಇಲ್ಲಿ ಒಂದು ನಿದರ್ಶನ ಸಿಗುತ್ತದೆ. ಆದರೆ ಗೆದ್ದ ಮೈಸೂರಿಗೂ ಅದೇ ಗತಿ ಬಂತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಈಸ್ಟ್ ಇಂಡಿಯಾ ಕಂಪನಿಯು ಗದ್ದುಗೆಯ ಮೇಲೆ ಕೂರಿಸಿತು. ಅಂದಿನಿಂದ ಮೈಸೂರು, ನಾವು ಚರ್ಚಿಸುತ್ತಿರುವ ಬಗೆಯ ರಾಜ್ಯವಾಯಿತು: ವಿಸ್ತೀರ್ಣದಲ್ಲಿ ಕೋಸ್ಟರಿಕಕ್ಕಿಂತ ದೊಡ್ಡದು, ಯಾರ ಮೇಲೂ ದಂಡೆತ್ತಿ ಹೋಗುವ ಸ್ವಾತಂತ್ರ್ಯವಿಲ್ಲದ್ದು, ರಕ್ಷಣೆಯ ಹೊಣೆಯನ್ನು ಬೇರೊಬ್ಬರಿಗೆ ಒಪ್ಪಿಸಿದ್ದು.

ಆ ಒಪ್ಪಿಸುವಿಕೆಯ ಕರಾರನ್ನು ಗಮನಿಸಬೇಕು. 1799ರ ಸಹಾಯಕ ಸೈನ್ಯ ಒಪ್ಪಂದದಂತೆ ಮೈಸೂರು ಪ್ರತಿವರ್ಷ 7 ಲಕ್ಷ ವರಹಗಳನ್ನು ಕಂಪನಿಯ ಸೈನ್ಯದ ವೆಚ್ಚಕ್ಕಾಗಿ ಕೊಡಬೇಕಾಯಿತು. 1807ರ ಪೂರಕ ಒಪ್ಪಂದವು ಇದರ ಜೊತೆಗೆ 4,000 ಕುದುರೆ ಸವಾರರನ್ನು ಕಂಪನಿಯ ಯುದ್ಧಗಳಿಗಾಗಿ ಸಿದ್ಧವಾಗಿಡುವ ಹೊರೆಯನ್ನು ಹೊರಿಸಿತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ರಾಜ್ಯದ ಜನರಲ್ಲಿ ಸುಮಾರು ಐದನೆಯ ಒಂದು ಪಾಲು ಅಳಿದುಹೋಯಿತು. ಇಷ್ಟಾದ ಮೇಲೆ 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸುವಾಗ ಪೊಗದಿಯನ್ನು ವರ್ಷಕ್ಕೆ 35 ಲಕ್ಷ ರೂಪಾಯಿಗೆ ಏರಿಸಬೇಕೆಂದು ಷರತ್ತು ಹಾಕಲಾಯಿತು. ಕ್ಷಾಮದ ಸಾಲದ ಕಾರಣದಿಂದ ಏರಿಕೆಯನ್ನು ಕೆಲವು ಕಾಲ ಮುಂದೂಡಿದರೂ ಮನ್ನಿಸಲಿಲ್ಲ. ರಾಜ್ಯದ ಅಂದಿನ ವಾರ್ಷಿಕ ವರಮಾನ ಸುಮಾರು ಒಂದು ಕೋಟಿ ರೂಪಾಯಿ. ಅಂದರೆ ಸ್ವಂತ ಸೈನ್ಯದ ವೆಚ್ಚದಿಂದ ಪಾರಾದ ದೇಶವು ತನ್ನ ಆದಾಯದ ಮೂರನೆಯ ಒಂದು ಭಾಗವನ್ನು ಪರರ ಸೈನ್ಯಕ್ಕೆ ತೆರಲು ಒಪ್ಪಬೇಕಾಯಿತು. ಅಪ್ಪಣೆಯಿಲ್ಲದೆ ಹೊಸ ಕೋಟೆ ಕಟ್ಟುವಂತಿರಲಿಲ್ಲ, ಆಯುಧಗಳನ್ನು ತಯಾರಿಸುವಂತಿರಲಿಲ್ಲ. ಇಸ್ರಾಯೇಲ್ ದೇಶದಲ್ಲಿ ಕಮ್ಮಾರನೇ ಇರದಂತೆ ಫಿಲಿಷ್ಟಿಯರು ನೋಡಿಕೊಂಡಿದ್ದ ವಿಷಯವನ್ನು 1 ಸಮುವೇಲನ 13ನೆಯ ಅಧ್ಯಾಯದಲ್ಲಿ ಓದುವ ಕನ್ನಡಿಗನಿಗೆ ಆ ವೃತ್ತಾಂತ ಅಪರಿಚಿತವಾಗಿ ತೋರಬಾರದು.

ಆ ಸೈನ್ಯವು ಯಾರ ಮೇಲೆ ಬಿದ್ದಿತೆಂಬುದೂ ಮುಖ್ಯ. ಇಂದಿನ ಹಾಸನ ಜಿಲ್ಲೆಯ ಮಲೆನಾಡಿನಲ್ಲಿ ಬಲಂ ಪಾಳೆಯಗಾರನು ಹೊಸ ಏರ್ಪಾಡಿಗೆ ತಲೆಬಾಗಲಿಲ್ಲ. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯು ದಂಡಿನೊಂದಿಗೆ ಬಂದು ಅವನ ನೆಲೆಯನ್ನು ಮುರಿದನು; ಪಾಳೆಯಗಾರನನ್ನು ಹಿಡಿದು ಗಲ್ಲಿಗೇರಿಸಲಾಯಿತು. ಹೊರಗಿನ ಶತ್ರುವಿನಿಂದ ಕಾಯಲೆಂದು ಇಟ್ಟುಕೊಂಡ ಸೈನ್ಯವು ಒಳಗಿನವರ ಮೇಲೆ ತಿರುಗಿತು. ಮುಂದೆ ನಗರದ ರೈತರ ದಂಗೆಯ ನೆಪದಿಂದ 1831ರಲ್ಲಿ ಆಡಳಿತವನ್ನೇ ಬ್ರಿಟಿಷರು ಕೈಗೆ ತೆಗೆದುಕೊಂಡರು. ರಕ್ಷಕನು ಯಜಮಾನನಾಗಲು ಮೂವತ್ತೆರಡು ವರ್ಷ ಸಾಕಾಯಿತು.

ಈ ಹಿನ್ನೆಲೆಯಲ್ಲಿ ಮೊದಲನೆಯ ಓದಿಗೆ ಹಿಂದಿರುಗೋಣ. ಯೆಶಾಯನನ್ನು ನಿಶ್ಶಸ್ತ್ರೀಕರಣದ ಪ್ರವಾದಿಯೆಂದು ಮಾತ್ರ ಓದುವವರು ಅವನು ಯಾರನ್ನು ಗದರಿಸುತ್ತಾನೆ ಎಂಬುದನ್ನು ಮರೆಯುತ್ತಾರೆ. 31ನೆಯ ಅಧ್ಯಾಯದ ಕುದುರೆಗಳು ಯೆಹೂದದ ಕುದುರೆಗಳಲ್ಲ, ಐಗುಪ್ತದ ಕುದುರೆಗಳು. ಅದಕ್ಕೂ ಮುಂಚೆ, 7ನೆಯ ಅಧ್ಯಾಯದಲ್ಲಿ ಪ್ರವಾದಿಯು ಕಾಲುವೆಯ ಬಳಿ ಎದುರುಗೊಂಡ ಅರಸನಾದ ಆಹಾಜನು, 2 ಅರಸುಗಳು 16ರ ಪ್ರಕಾರ, ದೇವಾಲಯದ ಬೆಳ್ಳಿಬಂಗಾರವನ್ನು ಅಶ್ಶೂರದ ಅರಸನಿಗೆ ಕಳುಹಿಸಿ ಅವನ ಸೈನ್ಯವನ್ನು ಕೊಂಡುಕೊಂಡನು. ಇದು ನಮ್ಮ ಪೊಗದಿಯ ಒಪ್ಪಂದವೇ. ಅವನ ಮಗನ ಕಾಲಕ್ಕೆ ಆ ರಕ್ಷಕನೇ ಯೆರೂಸಲೇಮಿನ ಗೋಡೆಯ ಮುಂದೆ ನಿಂತನು. ಆದ್ದರಿಂದ ಯೆಶಾಯನ ಖಂಡನೆಯು ಸ್ವಂತ ಸೈನ್ಯವಿಲ್ಲದ ದೇಶವನ್ನು ತಾನಾಗಿಯೇ ನೀತಿವಂತವೆಂದು ಎಣಿಸುವುದಿಲ್ಲ. ಎರವಲು ತಂದ ಸೈನ್ಯವೂ ಸೈನ್ಯವೇ. ಅದರ ಮೇಲಿನ ಭರವಸೆಯೂ ವಿಗ್ರಹಾರಾಧನೆಯೇ.

ಧರ್ಮೋಪದೇಶಕಾಂಡ 17:16 ಈ ವಿಷಯದಲ್ಲಿ ಇನ್ನೂ ಕಟುವಾಗಿದೆ. ಅರಸನು ಕುದುರೆಗಳನ್ನು ಹೆಚ್ಚಿಸಿಕೊಳ್ಳಬಾರದೆಂಬ ಅರ್ಧ ವಚನವನ್ನು ನಾವೆಲ್ಲ ಬಲ್ಲೆವು. ಕುದುರೆಗಳಿಗಾಗಿ ಜನರನ್ನು ಐಗುಪ್ತಕ್ಕೆ ಹಿಂದಿರುಗಿಸಬಾರದೆಂಬ ಉಳಿದರ್ಧವನ್ನು ಪ್ರಸಂಗಗಳಲ್ಲಿ ನಾವು ಅಪರೂಪವಾಗಿ ಕೇಳಿದ್ದೇವೆ. ಕುದುರೆಗಳ ಬೆಲೆಗೆ ಪ್ರಜೆಗಳನ್ನೇ ಪರರ ದಂಡಿಗೆ ಒಪ್ಪಿಸುವ ವಾಡಿಕೆಯನ್ನು ಈ ವಚನ ತಡೆಯುತ್ತದೆಂದು ಕೆಲವು ವ್ಯಾಖ್ಯಾನಕಾರರು ತಿಳಿದಿದ್ದಾರೆ. 1914ರಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯು ಹಡಗು ಹತ್ತಿ ಇಳಿದದ್ದು ಐಗುಪ್ತದಲ್ಲಿಯೇ, ಸೂಯೆಜ್ ಕಾಲುವೆಯನ್ನು ಕಾಯಲು. ತುರ್ಕಿಯವರೊಂದಿಗೆ ಮೈಸೂರಿಗೆ ಯಾವ ಜಗಳವೂ ಇರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಅದೇ ಪಡೆ ಜೋಧಪುರದ ಸವಾರರೊಂದಿಗೆ ಹೈಫಾ ಪಟ್ಟಣದ ಮೇಲೆ ಏರಿಹೋಯಿತು. ಜೋಧಪುರದವರ ಕುದುರೆಗಳು ಕೀಷೋನ್ ಹೊಳೆಯ ಹೂಳಿನಲ್ಲಿ ಸಿಕ್ಕಿಕೊಂಡವು. ಮೈಸೂರಿನವರು ಕರ್ಮೆಲ್ ಬೆಟ್ಟದ ಇಳಿಜಾರನ್ನು ಹತ್ತಿ ಶತ್ರುಗಳ ಫಿರಂಗಿಗಳನ್ನು ಹಿಡಿದರು. ಸೀಸೆರನ ರಥಗಳು ಕೊಚ್ಚಿಹೋದ ಹೊಳೆ ಅದು. ಎಲೀಯನು ಬಾಳನ ಪ್ರವಾದಿಗಳನ್ನು ಕೊಲ್ಲಿಸಿದ ಸ್ಥಳವೂ ಅದೇ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರಲ್ಲಿ ಒಬ್ಬನು ಮೈಸೂರಿನವನು. ಆ ಸವಾರರ ಧೈರ್ಯವನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಅವರು ಕಾದದ್ದು ಯಾರ ದೇಶವನ್ನು ಎಂದು ಕೇಳದೆ ಅವರ ಹೆಸರಿನಲ್ಲಿ ಸ್ತೋತ್ರ ಸಲ್ಲಿಸುವುದು ಸತ್ಯವಾದ ಆರಾಧನೆಯಲ್ಲ.

ಎರಡನೆಯ ಓದಿನ ಕಡೆಗೆ ತಿರುಗಿದರೆ, ಅದರ ಸಮರ್ಥ ಪ್ರತಿಪಾದಕರಲ್ಲಿ ರೈನ್‌ಹೋಲ್ಡ್ ನೀಬೂರರು ಪ್ರಮುಖರು. ಕ್ರೈಸ್ತ ಸಭೆ ಏಕೆ ಶಾಂತಿವಾದಿಯಲ್ಲ ಎಂಬುದನ್ನು ಕುರಿತ ಅವರ 1940ರ ಪ್ರಬಂಧವು ನಮ್ಮ ವಿದ್ಯಾರ್ಥಿಗಳಿಗೆ ಇಂದೂ ಉಪಯುಕ್ತ. ಪಾಪವು ಮಾನವ ಸಮಾಜದಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ಅಲಕ್ಷಿಸುವ ಶಾಂತಿವಾದವು ಸುವಾರ್ತೆಯನ್ನು ಸುಲಭವಾದ ಆದರ್ಶವಾಗಿ ಇಳಿಸುತ್ತದೆ ಎಂಬ ಅವರ ಎಚ್ಚರಿಕೆ ನಿಜವಾದುದು. ಆದರೆ ಶಕ್ತಿಗೆ ಶಕ್ತಿಯೇ ಪ್ರತಿತೂಕವಾಗಬೇಕೆನ್ನುವ ಅವರ ಚಿಂತನೆಯಲ್ಲಿ ತಕ್ಕಡಿಯನ್ನು ಹಿಡಿಯುವವರು ದೊಡ್ಡ ರಾಷ್ಟ್ರಗಳು. ಚಿಕ್ಕ ದೇಶಗಳು ಆ ತಕ್ಕಡಿಯಲ್ಲಿ ಹಾಕುವ ಬಟ್ಟುಗಳು ಮಾತ್ರ. ಚಿಕ್ಕ ಸೈನ್ಯವು ಪಾಪವನ್ನು ತಡೆಯುವ ಬದಲು ದೊಡ್ಡವರ ಪಾಪದಲ್ಲಿ ಪಾಲುಗಾರನಾಗುವ ಸಂದರ್ಭವನ್ನು ಈ ವಾದ ಕಾಣಿಸುವುದಿಲ್ಲ. ಮೈಸೂರು ಲ್ಯಾನ್ಸರ್ಸ್ ಮೈಸೂರಿನದೇ ಪಡೆಯಾಗಿತ್ತು. ಆದರೂ ಅದು ಮೈಸೂರಿನ ಕತ್ತಿಯಾಗಿರಲಿಲ್ಲ.

ಇಲ್ಲಿ ನ್ಯಾಯವಾದ ಆಕ್ಷೇಪವೊಂದು ಏಳಬಹುದು. ಆ ನೆರಳಿನಲ್ಲಿಯೇ ಅಲ್ಲವೇ ಮೈಸೂರು ಮಾದರಿ ಸಂಸ್ಥಾನವೆನಿಸಿದ್ದು? 1881ರಲ್ಲಿ ಪ್ರಜಾಪ್ರತಿನಿಧಿ ಸಭೆ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, ಆಮೇಲೆ ಕನ್ನಂಬಾಡಿ ಅಣೆಕಟ್ಟು ಎಲ್ಲವೂ ಯುದ್ಧದ ಭಯವಿಲ್ಲದ ಕಾಲದ ಫಲಗಳು. ಈ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಮೂರು ತಲೆಮಾರುಗಳ ಶಾಂತಿ ಸಣ್ಣ ವರವಲ್ಲ. ಆದರೆ ಅಳೆದುಕೊಟ್ಟವನು ಕ್ಷಾಮದ ರೈತ, ಅಳೆದುಕೊಂಡವನು ಸಾಮ್ರಾಜ್ಯ, ಕರಾರಿಗೆ ಒಪ್ಪಿಗೆ ಕೊಟ್ಟವನು ಸೋತ ನಾಡಿನ ಐದು ವರ್ಷದ ಮಗು. ಹೀಗೆ ಬಂದ ಶಾಂತಿಯನ್ನು ದೇವರ ಸಮಾಧಾನವೆಂದು ಪ್ರಸಂಗಪೀಠದಿಂದ ಸಾರುವ ಅಧಿಕಾರ ನಮಗಿಲ್ಲ.

ಈ ಮಾತು ನಮ್ಮ ಸಭೆಗಳನ್ನೂ ತಟ್ಟುತ್ತದೆ. 1799ರ ನಂತರ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರು ಮೈಸೂರು ಸೀಮೆಯಲ್ಲಿ ಚದರಿಹೋದ ಕಥೋಲಿಕರನ್ನು ಒಟ್ಟುಗೂಡಿಸಿದ್ದು ಕಂಪನಿಯ ಸೈನ್ಯ ತಂದ ಬಿಡುಗಡೆಯಲ್ಲಿ. ಬೆಂಗಳೂರಿನ ದಂಡಿನ ಪ್ರದೇಶದ ಹಳೆಯ ದೇವಾಲಯಗಳಲ್ಲಿ ಹಲವು ಆ ದಂಡಿನ ಸಿಪಾಯಿಗಳಿಗಾಗಿಯೇ ಎದ್ದವು. ಶೆಟ್ಟಿಹಳ್ಳಿಯಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ ಏಳುವ ಜಪಮಾಲೆ ಮಾತೆಯ ದೇವಾಲಯವನ್ನು ಕಟ್ಟಿದ ಮಿಷನರಿಗಳೂ, ಹಾಸನದಲ್ಲಿ ಇಂದಿನ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಗೆ ಅಡಿಪಾಯ ಹಾಕಿದ ವೆಸ್ಲಿಯನ್ ಮಿಷನಿನವರೂ ಅದೇ ನೆರಳಿನಲ್ಲಿ ನಡೆದಾಡಿದರು. ಅವರ ಸೇವೆಯನ್ನು ಇದು ಸುಳ್ಳಾಗಿಸುವುದಿಲ್ಲ. ಆದರೆ ನಿಶ್ಶಸ್ತ್ರ ಶಾಂತಿಯನ್ನು ಬೋಧಿಸುವ ಸಭೆಯು, ತಾನು ಯಾರ ಕತ್ತಿಯ ಆಶ್ರಯದಲ್ಲಿ ಬೆಳೆಯಿತೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು. ಅರಿಕೆಯಿಲ್ಲದ ಶಾಂತಿವಾದವು ಕೈತೊಳೆದುಕೊಂಡ ಪಿಲಾತನ ಬೋಗುಣಿಯನ್ನು ನೆನಪಿಗೆ ತರುತ್ತದೆ.

ಇಂದಿನ ನಿದರ್ಶನಗಳನ್ನೂ ಇದೇ ಅಳತೆಗೋಲಿನಿಂದ ನೋಡಬೇಕು. ಐಸ್‌ಲೆಂಡಿಗೆ ಸ್ಥಾಯೀ ಸೈನ್ಯವಿಲ್ಲವೆಂದು ಹೊಗಳುವವರು, ಅದು 1949ರಲ್ಲಿ ನ್ಯಾಟೋದ ಸ್ಥಾಪಕ ಸದಸ್ಯನಾದದ್ದನ್ನೂ, 2006ರವರೆಗೆ ಕೆಫ್ಲಾವಿಕ್‌ನಲ್ಲಿ ಅಮೆರಿಕದ ಪಡೆ ಬೀಡುಬಿಟ್ಟಿದ್ದನ್ನೂ ಸೇರಿಸಿ ಹೇಳಬೇಕು. ಕೋಸ್ಟರಿಕದ ಕಥೆ ಇನ್ನಷ್ಟು ಗೌರವಾರ್ಹ. 1948ರ ಡಿಸೆಂಬರ್ 1ರಂದು ಅದು ತನ್ನ ಸೈನ್ಯವನ್ನು ರದ್ದುಮಾಡಿತು; ಮರುವರ್ಷದ ಸಂವಿಧಾನದಲ್ಲಿ ಆ ನಿರ್ಧಾರವನ್ನು ನೆಲೆಗೊಳಿಸಿತು; ಒಂದು ದಂಡಿನ ಕಟ್ಟಡ ವಸ್ತುಸಂಗ್ರಹಾಲಯವಾಯಿತು. ಅದೇ ತಿಂಗಳಲ್ಲಿ ನಿಕರಾಗುವಾದ ಕಡೆಯಿಂದ ದಾಳಿ ನಡೆದಾಗ ಅದು ಅಮೆರಿಕ ಖಂಡದ ರಾಷ್ಟ್ರಗಳ ಒಕ್ಕೂಟಕ್ಕೆ ದೂರು ಕೊಟ್ಟು ನ್ಯಾಯ ಬೇಡಿತು. ಅಲ್ಲಿಯೂ ದೊಡ್ಡ ನೆರೆಯ ನೆರಳು ಇತ್ತು, ನಿಜ. ಆದರೂ ಮೈಸೂರಿಗೂ ಅದಕ್ಕೂ ಎರಡು ವ್ಯತ್ಯಾಸಗಳಿವೆ: ಸೈನ್ಯ ಬೇಡವೆಂಬುದು ಅದರ ಸ್ವಂತ ನಿರ್ಧಾರವಾಗಿತ್ತು, ಮತ್ತು ಅದು ಮೊರೆಯಿಟ್ಟದ್ದು ಒಬ್ಬ ಯಜಮಾನನಿಗಲ್ಲ, ಹಲವರು ಒಪ್ಪಿದ ಕಾನೂನಿಗೆ.

ಹಾಗಾದರೆ ನಮ್ಮ ತೀರ್ಮಾನವೇನು? ಸೈನ್ಯವಿಲ್ಲದ ಚಿಕ್ಕ ದೇಶವು ಸುವಾರ್ತೆಯ ದೃಷ್ಟಿಯಲ್ಲಿ ಬಯಸತಕ್ಕದ್ದೇ ಎಂದು ನಾವು ನಂಬುತ್ತೇವೆ. ಗೆತ್ಸೇಮನೆಯಲ್ಲಿ ಕತ್ತಿಯನ್ನು ಒರೆಗೆ ಸೇರಿಸೆಂದ ಕರ್ತನ ಶಿಷ್ಯರಿಗೆ ಬೇರೆ ಬಯಕೆ ಇರಲಾಗದು. ಆದರೆ ಅಂಥ ದೇಶ ಸಾಧ್ಯವಾಗುವುದು ಅದು ಕಾನೂನಿನ ಮೊರೆಹೋಗಲು ಶಕ್ತವಾದಾಗ, ಮತ್ತು ನೆರೆಯ ದೊಡ್ಡ ದೇಶವು ಆ ಮೊರೆಯನ್ನು ಕೇಳುವಷ್ಟು ನೀತಿಯುಳ್ಳದ್ದಾದಾಗ. ಇವು ಇಲ್ಲದಿದ್ದಲ್ಲಿ, ಜನರಿಗೆ ಲೆಕ್ಕ ಒಪ್ಪಿಸುವ ಮಿತವಾದ ಸ್ವಂತ ಪಡೆಯು ಮರೆಯಲ್ಲಿ ಕೊಂಡ ಪರರ ಪಡೆಗಿಂತ ಪ್ರಾಮಾಣಿಕವಾದದ್ದು. ಧರ್ಮೋಪದೇಶಕಾಂಡವು ಅರಸನಿಗೆ ಒಂದೂ ಕುದುರೆ ಬೇಡವೆನ್ನಲಿಲ್ಲ. ಹೆಚ್ಚಿಸಬೇಡ, ಅದಕ್ಕಾಗಿ ಜನರನ್ನು ತೆರಬೇಡ ಎಂದಿತು.

ಇದರಿಂದ ಪ್ರಶ್ನೆಯ ದಿಕ್ಕೇ ಬದಲಾಗುತ್ತದೆ. 1947ರಲ್ಲಿ ಮೈಸೂರು ಭಾರತಕ್ಕೆ ಸೇರಿ ತನ್ನ ರಕ್ಷಣೆಯನ್ನು ಒಕ್ಕೂಟಕ್ಕೆ ಒಪ್ಪಿಸಿತು. ಆ ಒಕ್ಕೂಟದಲ್ಲಿ ಈಗ ನಮ್ಮ ಮತವಿದೆ, ನಮ್ಮ ಮಕ್ಕಳೂ ಅದರ ಪಡೆಗಳಲ್ಲಿದ್ದಾರೆ. ಇಂದು ನಾವು ಯೆಹೂದವಲ್ಲ. ನಮ್ಮ ಸುತ್ತಲಿನ ಚಿಕ್ಕ ದೇಶಗಳ ಕಣ್ಣಿಗೆ ನಾವೇ ಐಗುಪ್ತ. 1949ರ ಒಪ್ಪಂದದಂತೆ ಭೂತಾನವು ವಿದೇಶ ವ್ಯವಹಾರಗಳಲ್ಲಿ ಭಾರತದ ಸಲಹೆಯಂತೆ ನಡೆಯಬೇಕಿತ್ತು. 2007ರಲ್ಲಿ ಆ ಷರತ್ತನ್ನು ಕೈಬಿಡಲಾಯಿತು. 1988ರ ನವೆಂಬರಿನಲ್ಲಿ ಮಾಲ್ದೀವ್ಸ್ ಕರೆದಾಗ ನಮ್ಮ ಸೈನಿಕರು ಒಂದೇ ರಾತ್ರಿಯಲ್ಲಿ ಅಲ್ಲಿಗೆ ಹಾರಿ ಅದರ ಸರ್ಕಾರವನ್ನು ಉಳಿಸಿದರು. 2024ರಲ್ಲಿ ಅದೇ ದೇಶವು ತನ್ನ ನೆಲದಲ್ಲಿದ್ದ ನಮ್ಮ ಸೈನಿಕ ಸಿಬ್ಬಂದಿ ಹಿಂದಿರುಗಬೇಕೆಂದು ಕೇಳಿತು, ಅವರು ಹಿಂದಿರುಗಿದರು. ಕರೆದಾಗ ಹೋಗುವುದೂ ಬೇಡವೆಂದಾಗ ಬರುವುದೂ ದೊಡ್ಡ ದೇಶವು ಕಲಿಯಬೇಕಾದ ಧರ್ಮ. ಮೈಸೂರಿಗೆ ಅಂಥ ನೆರೆ ಸಿಕ್ಕಿರಲಿಲ್ಲ. ಆದ್ದರಿಂದ ಚಿಕ್ಕ ದೇಶಕ್ಕೆ ಸೈನ್ಯ ಬೇಕೇ ಎಂದು ಹೊಳೆನರಸೀಪುರದ ಸಭೆಯೊಂದರಲ್ಲಿ ಯಾರಾದರೂ ಕೇಳಿದರೆ, ಬೋಧಕರು ಆ ದೇಶದ ಕರ್ತವ್ಯವನ್ನು ವಿವರಿಸುವುದಕ್ಕಿಂತ ಮುಂಚೆ ತಮ್ಮ ದೇಶದ ಕರ್ತವ್ಯವನ್ನು ಪರೀಕ್ಷಿಸಲಿ. ನೆರೆಯ ಚಿಕ್ಕವನು ಆಯುಧವಿಲ್ಲದೆ ನಿದ್ರಿಸುವುದು ಅವನ ವಿಶ್ವಾಸದ ಮೇಲೆ ಎಷ್ಟು ನಿಂತಿದೆಯೋ ನಮ್ಮ ನೀತಿಯ ಮೇಲೂ ಅಷ್ಟೇ ನಿಂತಿದೆ. ಆ ನೀತಿಗಾಗಿ ಪ್ರಾರ್ಥಿಸುವುದೂ, ಅದು ತಪ್ಪಿದಾಗ ಪ್ರಸಂಗಪೀಠದಿಂದ ಗದರಿಸುವುದೂ ನಮ್ಮ ಪಾಲಿಗೆ ಬಂದಿರುವ ಪ್ರವಾದಿಯ ಕೆಲಸ.