ದೇವ್‌ಬಂದ್ ಹಳೆಯದಲ್ಲ

ಮದರಸಾ ಎಂದರೆ ಮಧ್ಯಯುಗದ ಪಳೆಯುಳಿಕೆ ಎಂಬ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ, ಅದಕ್ಕೆ ಆಧಾರವೇನೆಂದು ಯಾರೂ ಕೇಳುವುದಿಲ್ಲ. ಮದರಸಾಗಳನ್ನು ಕಂಡರಾಗದವರಿಗೆ ಅದು ಬೈಗುಳ. ಅಲ್ಲಿ ಓದಿ ಬಂದ ಕೆಲವರು ಅದನ್ನೇ ತಿರುಗಿಸಿ, ನಮ್ಮದು ಎಂದೂ ಬದಲಾಗದ ಪರಂಪರೆ ಎಂದು ಹೆಮ್ಮೆಪಡುತ್ತಾರೆ. ಇಬ್ಬರ ಮಾತೂ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ಉಪಖಂಡದ ಸಾವಿರಾರು ಮದರಸಾಗಳಿಗೆ ಮಾದರಿಯಾದ ದೇವ್‌ಬಂದಿನ ದಾರುಲ್ ಉಲೂಮ್ ಶುರುವಾದದ್ದು 1866ರಲ್ಲಿ. ಕಲ್ಕತ್ತಾ, ಬೊಂಬಾಯಿ, ಮದ್ರಾಸ್ ವಿಶ್ವವಿದ್ಯಾಲಯಗಳು ಅದಕ್ಕಿಂತ ಒಂಬತ್ತು ವರ್ಷ ಹಿರಿಯವು.

ಸಹಾರನ್‌ಪುರ ಜಿಲ್ಲೆಯ ಆ ಸಣ್ಣ ಊರಿನ ಛತ್ತಾ ಮಸೀದಿ, ಅಂಗಳದ ದಾಳಿಂಬೆ ಮರ, ಮರದಡಿ ಮುಲ್ಲಾ ಮಹಮೂದ್ ಎಂಬ ಗುರು, ಎದುರಿಗೆ ಮಹಮೂದ್ ಹಸನ್ ಎಂಬ ಶಿಷ್ಯ. ಶಾಲೆಯ ಆರಂಭದ ಬಗ್ಗೆ ಎಲ್ಲರೂ ಹೇಳುವ ಈ ಚಿತ್ರ ಸುಂದರವಾಗಿದೆ, ಆದರೆ ಮುಖ್ಯವಾದದ್ದನ್ನು ಮರೆಮಾಡುತ್ತದೆ. ಆ ಹುಡುಗನ ತಂದೆ, ಸ್ಥಾಪಕರಲ್ಲೊಬ್ಬರಾದ ಜುಲ್ಫಿಕರ್ ಅಲಿ ಬ್ರಿಟಿಷ್ ಸರ್ಕಾರದ ಶಿಕ್ಷಣ ಇಲಾಖೆಯಲ್ಲಿ ಶಾಲೆಗಳ ಡೆಪ್ಯುಟಿ ಇನ್‌ಸ್ಪೆಕ್ಟರ್. ಇನ್ನೊಬ್ಬ ಸ್ಥಾಪಕ ಫಜ್ಲುರ್ ರಹಮಾನ್ ಅವರದೂ ಅದೇ ಹುದ್ದೆ. ಅದಕ್ಕೆ ಮುಂಚಿನ ವಿದ್ಯಾಕೇಂದ್ರವಾದ ಲಖನೌದ ಫರಂಗಿ ಮಹಲಿನಲ್ಲಿ ವಿದ್ಯೆಯೆಂದರೆ ಒಂದು ಮನೆತನದ ಪಾಂಡಿತ್ಯ. ಶಿಷ್ಯ ಬಂದು ತನಗೆ ಬೇಕಾದ ಗ್ರಂಥ ಓದಿಕೊಂಡು ಹೋಗುತ್ತಿದ್ದ. ದೇವ್‌ಬಂದಿನವರು ಅಲ್ಲಿಂದ ದರ್ಸೆ ನಿಜಾಮಿ ಎಂಬ ಪಠ್ಯಕ್ರಮವನ್ನು ತಂದು, ಹದೀಸಿಗೆ, ಅಂದರೆ ಪ್ರವಾದಿಯ ನಡೆನುಡಿಗಳ ಅಧ್ಯಯನಕ್ಕೆ, ಒತ್ತುಕೊಟ್ಟು, ಶಾಲೆಯ ವ್ಯವಸ್ಥೆಯನ್ನು ಮಾತ್ರ ಸರ್ಕಾರಿ ಶಾಲೆ ನೋಡಿ ಕಲಿತರು: ಸಂಬಳದ ಮೇಷ್ಟ್ರುಗಳು, ಗೊತ್ತಾದ ತರಗತಿ, ವರ್ಷಕ್ಕೊಮ್ಮೆ ಪರೀಕ್ಷೆ, ಅಚ್ಚಾದ ವರದಿ. ಅಮೆರಿಕದ ಇತಿಹಾಸಕಾರ್ತಿ ಬಾರ್ಬರಾ ಮೆಟ್ಕಾಫ್ 1982ರಷ್ಟು ಹಿಂದೆಯೇ ಇದನ್ನೆಲ್ಲ ವಿವರವಾಗಿ ಬರೆದಿದ್ದಾರೆ.

ದುಡ್ಡಿನ ವಿಚಾರದಲ್ಲಂತೂ ಅವರ ಧೈರ್ಯ ಇನ್ನೂ ದೊಡ್ಡದು. 1857ರ ದಂಗೆಯ ನಂತರ ದೊರೆಗಳ ಜಾಗೀರನ್ನು ನಂಬಿ ಕೂರುವಂತಿರಲಿಲ್ಲ. ಸ್ಥಾಪಕರಲ್ಲಿ ಪ್ರಮುಖರಾದ ಮುಹಮ್ಮದ್ ಕಾಸಿಂ ನಾನೌತವಿ ಬರೆದ ಎಂಟು ನಿಯಮಗಳಲ್ಲಿ, ಖಾಯಂ ಆದಾಯ ಬಂದರೆ ದೇವರ ಮೇಲಿನ ಭರವಸೆ ಕಳೆದು ಒಳಜಗಳ ಹುಟ್ಟುತ್ತದೆ, ಸರ್ಕಾರ ಮತ್ತು ಸಿರಿವಂತರ ಪಾಲು ಹಾನಿಕರ ಎಂಬ ಎಚ್ಚರಿಕೆಯಿದೆ. ಹಾಗಾಗಿ ವಂತಿಗೆಯೇ ಗತಿ. ಕಾಸು ಕೊಟ್ಟವರ, ಪುಸ್ತಕ ಕೊಟ್ಟವರ ಹೆಸರು ವರದಿಯಲ್ಲಿ ಅಚ್ಚಾಗುತ್ತಿತ್ತು. ಪರವೂರ ಹುಡುಗರಿಗೆ ಊರಿನ ಮನೆಗಳೇ ಊಟ ಹಾಕಿದವು, ನಮ್ಮ ಕಡೆ ವಾರಾನ್ನದ ಹುಡುಗರಿಗೆ ಹಾಕುತ್ತಿದ್ದ ಹಾಗೆ. ಛಾಪಖಾನೆ, ಅಂಚೆ, ರೈಲು ಇಲ್ಲದಿದ್ದರೆ ಈ ಸಂಸ್ಥೆ ಬೆಳೆಯುತ್ತಲೇ ಇರಲಿಲ್ಲ. ಇದನ್ನು ಮಧ್ಯಯುಗದ್ದು ಎನ್ನುವುದು ಹೇಗೆ?

ಹಾಗಾದರೆ ದೇವ್‌ಬಂದನ್ನು ಟೀಕಿಸಲೇಬಾರದೇ? ಖಂಡಿತ ಟೀಕಿಸಬೇಕು, ಆದರೆ ಸರಿಯಾದ ಜಾಗದಲ್ಲಿ. ಹೊಸ ವಿಜ್ಞಾನಗಳನ್ನು ಪಠ್ಯದಿಂದ ಹೊರಗಿಡಲು ನಾನೌತವಿ ಕೊಟ್ಟ ಕಾರಣ ಅವು ನಿಷಿದ್ಧ ಎಂದಲ್ಲ. ಅವನ್ನು ಕಲಿಸಲು ಸರ್ಕಾರಿ ಶಾಲೆಗಳಿವೆ, ಆಸರೆ ಕಳೆದುಕೊಂಡಿರುವುದು ಧಾರ್ಮಿಕ ವಿದ್ಯೆ, ಇಲ್ಲಿ ಮುಗಿಸಿದವರು ಬೇಕಾದರೆ ಅಲ್ಲಿಗೆ ಹೋಗಲಿ ಎಂದು. ಅಂದಿನ ಮಟ್ಟಿಗೆ ಅದು ವಿವೇಕದ ಕೆಲಸಹಂಚಿಕೆ. ಹತ್ತು ವರ್ಷದ ಓದನ್ನು ಆರು ವರ್ಷಕ್ಕೆ ಇಳಿಸಿದ್ದೂ ಉಂಟು. ಮುಂದೆ ಬಂದವರು ಆ ತಾತ್ಕಾಲಿಕ ಏರ್ಪಾಡನ್ನೇ ಸಿದ್ಧಾಂತ ಮಾಡಿಕೊಂಡರು. ಇಂದು ಬಡವರ ಮನೆಯ ಹುಡುಗ ಎಂಟು-ಹತ್ತು ವರ್ಷ ಕಷ್ಟಪಟ್ಟು ಅರಬಿ ವ್ಯಾಕರಣ, ತರ್ಕ, ಹದೀಸು ಕಲಿತು ಹೊರಬಂದಾಗ ಬೀಜಗಣಿತ ಗೊತ್ತಿಲ್ಲದೆ, ಕಾಲೇಜಿನ ಬಾಗಿಲು ದಾಟಲಾರದೆ ನಿಲ್ಲುವುದು ನನಗೆ ನಿಜವಾಗಿ ನೋವು ತರುವ ಸಂಗತಿ. ಇದರ ಹೊಣೆಯನ್ನು ಪರಂಪರೆಯ ತಲೆಗೆ ಕಟ್ಟಲಾಗದು. ನಾನೌತವಿಯವರ ಅದೇ ಎಂಟು ನಿಯಮಗಳಲ್ಲಿ, ಪಾಠ ಮೊದಲೇ ಗೊತ್ತಾದ ಕ್ರಮದಲ್ಲಿ ಇಲ್ಲವೇ ಮುಂದೆ ಸಮಾಲೋಚಿಸಿ ಗೊತ್ತುಮಾಡುವ ಬೇರೆ ಕ್ರಮದಲ್ಲಿ ಪೂರ್ತಿಯಾಗಬೇಕು ಎಂದಿದೆ. ಪಠ್ಯ ಬದಲಿಸುವ ಅಧಿಕಾರವನ್ನು ಸ್ಥಾಪಕರೇ ಬರೆದುಕೊಟ್ಟು ಹೋಗಿದ್ದಾರೆ.