ಕಾರಣವಿಲ್ಲದ ಕೊನೆ: ‘ಗಾಥಾಸಪ್ತಶತಿ’ಯ ಒಂದು ಓದು

ಮೂರು ವರ್ಷ ನಾನು ನಾಸಿಕದಲ್ಲಿದ್ದೆ, ಆಕೆ ಛತ್ರಪತಿ ಸಂಭಾಜಿನಗರದಲ್ಲಿದ್ದಳು. ನನ್ನ ಕೆಲಸ ಸಾತಪುರದಲ್ಲಿ, ಆಕೆಯದು ವಾಳೂಜದಲ್ಲಿ. ಶನಿವಾರ ಬಂತೆಂದರೆ ಇಬ್ಬರಲ್ಲೊಬ್ಬರು ತಪೋವನ ಎಕ್ಸ್‌ಪ್ರೆಸ್ ಹತ್ತುತ್ತಿದ್ದೆವು. ಕಳೆದ ವರ್ಷ ಆ ಓಡಾಟ ನಿಂತಿತು. ಊರಿಂದ ಅವ್ವ ಫೋನ್ ಮಾಡಿ, “ಜಗಳಾ ಆಡಿದ್ರೇನೋ ಯಪ್ಪಾ?” ಎಂದು ಕೇಳಿದಳು. ಜಗಳ ಆಗಿರಲಿಲ್ಲ. ಮೂರನೆಯವರು ಯಾರೂ ಬಂದಿರಲಿಲ್ಲ. ಹೇಳಲು ನನ್ನ ಬಳಿ ಕಾರಣವೇ ಇರಲಿಲ್ಲ. ಆ ದಿನಗಳಲ್ಲಿಯೇ ನಾನು ಹಾಲನ ‘ಗಾಥಾಸಪ್ತಶತಿ’ಯನ್ನು ಓದತೊಡಗಿದ್ದು.

ಪುಸ್ತಕ ಇದೇ ನೆಲದ್ದು. ಸಂಭಾಜಿನಗರದಿಂದ ಸುಮಾರು 50 ಕಿ.ಮೀ. ದೂರದ ಪೈಠಣವೇ ಸಾತವಾಹನರ ಪ್ರತಿಷ್ಠಾನ. ಆ ವಂಶದ ದೊರೆ ಹಾಲ ಮಹಾರಾಷ್ಟ್ರೀ ಪ್ರಾಕೃತದ ಸುಮಾರು 700 ಮುಕ್ತಕಗಳನ್ನು ಆರಿಸಿ ಜೋಡಿಸಿದನೆಂದು ಪರಂಪರೆ ಹೇಳುತ್ತದೆ. ಆಮೇಲಿನವರ ಪದ್ಯಗಳೂ ಅದರಲ್ಲಿ ಸೇರಿಕೊಂಡಿವೆ. ನಾಸಿಕದ ಬಳಿ ತ್ರ್ಯಂಬಕದಲ್ಲಿ ಹುಟ್ಟಿ ಪೈಠಣ ದಾಟುವ ಗೋದಾವರಿ ಈ ಪದ್ಯಗಳಲ್ಲೂ ಹರಿಯುತ್ತದೆ. ‘ತುಪ್ಪ’ದಂಥ ಶಬ್ದಗಳನ್ನು ಇದರಲ್ಲಿ ಗುರುತಿಸಿದ ನಮ್ಮ ವಿದ್ವಾಂಸರು ಅವನ್ನು ಕನ್ನಡದ ಹಳಮೆಗೆ ಸಾಕ್ಷಿಯಾಗಿ ಹಿಡಿದರು. ಕನ್ನಡಿಗರು ಈ ಪುಸ್ತಕವನ್ನು ನೆನೆಯುವುದು ಹೆಚ್ಚಾಗಿ ಆ ತುಪ್ಪಕ್ಕಾಗಿ. ಒಳಗಿನ ಸಂಸಾರವನ್ನು ನೋಡಿದ್ದು ಕಡಿಮೆ.

ತಮಿಳಿನ ಅಗಂ ಕಾವ್ಯದಲ್ಲಿ ಪ್ರೀತಿಗೊಂದು ನಕ್ಷೆಯಿದೆ. ಕೂಡುವುದಕ್ಕೆ ಬೆಟ್ಟ, ಕಾಯುವುದಕ್ಕೆ ಕಾಡು, ಮುನಿಸಿಗೆ ಗದ್ದೆ, ಅಗಲಿಕೆಗೆ ಬೆಂಗಾಡು. ಗಾಥೆಗಳಲ್ಲಿ ಅಂಥ ನಕ್ಷೆಯಿಲ್ಲ. ಒಂದು ಪದ್ಯದಲ್ಲಿ ಮೊದಲ ನೋಟವಿದ್ದರೆ ಪಕ್ಕದ್ದರಲ್ಲಿ ಹಳಸಿದ ದಾಂಪತ್ಯ ಇರಬಹುದು. ನಡುವಿನ ಕಥೆಯನ್ನು ಓದುವವರೇ ತುಂಬಿಕೊಳ್ಳಬೇಕು.

ಅರವಟ್ಟಿಗೆಯ ಗಾಥೆಯನ್ನೇ ನೋಡಿ. ನೀರು ಕುಡಿಯುವ ದಾರಿಹೋಕ ಬೆರಳ ಸಂದಿನಲ್ಲಿ ನೀರು ಸೋರಲು ಬಿಡುತ್ತಾನೆ, ಎರೆಯುವವಳು ಧಾರೆಯನ್ನು ತೆಳ್ಳಗೆ ಮಾಡುತ್ತಾಳೆ. ಮಾತಿಲ್ಲ, ವರ್ಣನೆಯಿಲ್ಲ. ಇಬ್ಬರಿಗೂ ಇನ್ನಷ್ಟು ಹೊತ್ತು ಬೇಕಾಗಿದೆ, ಪ್ರೀತಿ ಹುಟ್ಟಿದ್ದಕ್ಕೆ ಅಷ್ಟೇ ಗುರುತು. ಇನ್ನೊಂದರಲ್ಲಿ ಮುನಿದ ಗಂಡಹೆಂಡಿರು ನಿದ್ದೆಯ ಸೋಗು ಹಾಕಿ, ಉಸಿರು ಹಿಡಿದು ಮಲಗಿದ್ದಾರೆ, ಕಿವಿ ಮಾತ್ರ ಪಕ್ಕದ ಉಸಿರಿನ ಕಡೆಗಿದೆ. ಪ್ರೀತಿ ಬಾಳುವುದು ಹೇಗೆಂಬುದಕ್ಕೆ ಇದಕ್ಕಿಂತ ಸರಿಯಾದ ಚಿತ್ರ ನನಗೆ ಗೊತ್ತಿಲ್ಲ. ನಾವಿಬ್ಬರು ಕೊನೆಯ ತಿಂಗಳುಗಳಲ್ಲಿ ಗುಡ್‌ನೈಟ್ ಕಳಿಸಿ ನಿಜವಾಗಿಯೂ ನಿದ್ದೆ ಹೋಗುತ್ತಿದ್ದೆವು.

ಪ್ರೀತಿ ಮುಗಿಯುವ ಬಗೆಯ ಗಾಥೆ ಲೆಕ್ಕದ ಪಟ್ಟಿಯಂತಿದೆ. ನೋಡದೇ ಇದ್ದದ್ದು ಒಂದು ಕಾರಣ, ಅತಿಯಾಗಿ ನೋಡಿದ್ದು ಇನ್ನೊಂದು, ಚಾಡಿ ಮೂರನೆಯದು. ಮೊದಲೆರಡು ಒಂದನ್ನೊಂದು ಹೊಡೆದುಹಾಕುತ್ತವೆ. ಕೊನೆಯಲ್ಲಿ ಕವಿ, ಸುಮ್ಮನೆ ಹೋಗುವುದನ್ನೂ ಅದೇ ಪಟ್ಟಿಗೆ ಸೇರಿಸುತ್ತಾನೆ. ದೂರಿಲ್ಲ, ಅಳುವಿಲ್ಲ. ಹಳೆಯ ಟೀಕಾಕಾರರಿಗೆ ಇಂಥ ಖಾಲಿ ಜಾಗ ಸಹಿಸಲಾಗಲಿಲ್ಲ. ಗಾಥೆಗಳಿಗೆಲ್ಲ ಇದನ್ನು ಯಾರು ಯಾರಿಗೆ, ಯಾವ ಉದ್ದೇಶದಿಂದ ಹೇಳಿದರು ಎಂದು ಟಿಪ್ಪಣಿ ಬರೆದರು. ನಮ್ಮ ವಲಸೆಯ ಕಥೆಗಳೂ ಅದನ್ನೇ ಮಾಡುತ್ತವೆ. ಬೇರ್ಪಟ್ಟವರ ನಡುವೆ ಜಾತಿಯನ್ನೋ ಕೆಲಸವನ್ನೋ ಅಪ್ಪನನ್ನೋ ತಂದು ನಿಲ್ಲಿಸುತ್ತವೆ. ಆ ಕಾರಣಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಎಲ್ಲ ಕೊನೆಗೂ ಅಪರಾಧಿ ಇರಬೇಕೆಂದೇನೂ ಇಲ್ಲ.

ಈ ಪುಸ್ತಕಕ್ಕೂ ಒಂದು ಮಿತಿಯಿದೆ. ಅರವಿಂದ ಕೃಷ್ಣ ಮೆಹ್ರೋತ್ರಾ 1991ರಲ್ಲಿ ಇಂಗ್ಲಿಷಿಗೆ ತಂದ ಆಯ್ಕೆಯ ಹೆಸರೇ ‘ದಿ ಆಬ್ಸೆಂಟ್ ಟ್ರಾವೆಲರ್’. ಹೊರಟುಹೋದವನು ಗಂಡಸು, ಗೋಡೆಗೆ ಗೆರೆ ಎಳೆದು ದಿನ ಎಣಿಸುವವಳು ಹೆಂಗಸು. ಕಾಯುವವಳ ದನಿಯೇ ಇಲ್ಲಿ ಹೆಚ್ಚು, ಆದರೆ ಆ ದನಿಯನ್ನು ಆರಿಸಿ ಕಟ್ಟಿಟ್ಟದ್ದು ದೊರೆಯೊಬ್ಬನ ಹೆಸರಿನಲ್ಲಿ. ಇಬ್ಬರೂ ಊರು ಬಿಟ್ಟವರು, ಇಬ್ಬರೂ ಕಾಯುವವರು ಎಂಬ ನಮ್ಮ ಸ್ಥಿತಿ ಅದಕ್ಕೆ ಗೊತ್ತಿಲ್ಲ. ಅದನ್ನು ನಾವೇ ಬರೆಯಬೇಕು.

ಬಹಳ ದಿನ ಆ ಕೊನೆಯ ಮಾತನ್ನೇ ಹಿಡಿದು ಸಮಾಧಾನ ಪಟ್ಟುಕೊಂಡಿದ್ದೆ: ಸುಮ್ಮನೆ ಹೋಯಿತು, ಯಾರ ತಪ್ಪೂ ಅಲ್ಲ. ಮತ್ತೆ ಓದಿದಾಗ ಪಟ್ಟಿಯ ಮೊದಲ ಕಾರಣದ ಬಳಿ ನಿಂತೆ. ಶಿಫ್ಟ್ ಇದೆ ಎಂದು ಸತತ ನಾಲ್ಕು ಶನಿವಾರ ನಾನು ಹೋಗಿರಲಿಲ್ಲ. ಐದನೆಯದಕ್ಕೆ ಆಕೆ ಕರೆಯಲಿಲ್ಲ. ಕಾರಣವಿಲ್ಲ ಎನ್ನುವುದು ಎಷ್ಟೋ ಸಲ, ಎಣಿಸಲು ಮನಸ್ಸಿಲ್ಲದ ಕಾರಣಗಳಿಗೆ ನಾವಿಡುವ ಹೆಸರು. ಗಾಥೆ ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಯಾವುದು ನಿನ್ನದೆಂದು ಹೇಳದೆ ಬಿಡುತ್ತದೆ. ಅದಕ್ಕೇ ಅದು ಸಮಾಧಾನದ ಪದ್ಯವಲ್ಲ, ಒಳ್ಳೆಯ ಪದ್ಯ.

ಮೊನ್ನೆ ಅವ್ವ ಮತ್ತೆ ಅದನ್ನೇ ಕೇಳಿದಳು. “ಜಗಳಾ ಇಲ್ಲಬೇ, ನಾ ಹೋಗೂದು ಬಿಟ್ಟೆ” ಅಂದೆ.